ಕೊಂಬಿನ ಗೊಬ್ಬರ: 7 ಕೊಂಬುಗಳಲ್ಲಿ ಸಗಣಿ ಇನ್ನೂ ಹಸಿರಾಗಿದೆ

ಹೊಲದಬದು:
ಕೊಂಬಿನ ಗೊಬ್ಬರ ಮಾಡಲು ಸಗಣಿ ತುಂಬಿ, ನವರಾತ್ರಿ ಹೊತ್ತಿಗೆ ಮಣ್ಣಲ್ಲಿ ಹೂತ 20 ದನದ ಕೊಂಬುಗಳನ್ನು ಶಿವರಾತ್ರಿ ಕಳೆದ ಮೇಲೆ ತೆಗೆದಿದ್ದೇವೆ. 13ರಲ್ಲಿ ಗೊಬ್ಬರ ಕಪ್ಪಗೆ, ಮಳೆ ಬಿದ್ದ ಮಣ್ಣಿನ ವಾಸನೆ. ಉಳಿದ 7ರಲ್ಲಿ ತುದಿ ಕಡೆ ಹಸಿರು, ಅಂಟಂಟು, ಸಗಣಿ ನಾತ ಹೋಗಿಲ್ಲ. ಎಲ್ಲವನ್ನೂ ಬೆರೆಸಿ ಒಂದು ಎಕರೆ ಟೊಮ್ಯಾಟೊಗೆ ಹಾಕಬಹುದಾ?

ಎರೆಹುಳು:
ದಯವಿಟ್ಟು ಬೆರೆಸಬೇಡಿ. ಹಸಿರಾಗಿ ಉಳಿದಿದೆ ಅಂದರೆ ಗಾಳಿಯಾಡಿಲ್ಲ. ಹಿಂಗಾರಿನಲ್ಲಿ ಗುಂಡಿಗೆ ನೀರು ನಿಂತಿರಬೇಕು, ಇಲ್ಲವೇ ಕೊಂಬಿನ ಬಾಯಿ ಮೇಲ್ಮುಖವಾಗಿತ್ತು. ಬಾಯಿ ಕೆಳಗೆ, ತುದಿ ಮೇಲೆ ಇಟ್ಟರೆ ನೀರು ಒಳಗೆ ತುಂಬಿಕೊಳ್ಳುವುದಿಲ್ಲ. ಗುಂಡಿ ಒಂದೂವರೆ ಅಡಿ ದಾಟಬಾರದು.

ಆ 7 ಕೊಂಬುಗಳ ಬುಡ ಬೆರಳಲ್ಲಿ ಸವರಿ ನೋಡಿ. ಕರು ಹಾಕಿದ ಹಸುವಿನ ಕೊಂಬಾದರೆ ಉಂಗುರ ಉಂಗುರವಾಗಿ ಏಣು ಸಿಗುತ್ತದೆ, ತುದಿ ಗಟ್ಟಿಯಾಗಿ ಭಾರವಿರುತ್ತದೆ. ಹೋರಿ ಕೊಂಬಿಗೆ ಉಂಗುರ ಇರಲ್ಲ, ಗೋಡೆಯೂ ತೆಳು. ಅದು ಈ ಕೆಲಸಕ್ಕಲ್ಲ. ಹಸುವಿನದ್ದೇ ಆಗಿದ್ದರೆ ಮತ್ತೆ ಹೂತು, ಮಣ್ಣು ಒಣಗದಂತೆ ನೀರು ಚಿಮುಕಿಸಿ, ತಿಂಗಳ ಮೇಲೆ ಒಂದನ್ನು ತೆಗೆದು ನೋಡಿ.

ಮಡಕೆಗೊಬ್ಬರ:
ಎಕರೆಗೆ ಬೇಕಿರುವುದು 25 ಗ್ರಾಂ ಮಾತ್ರ, ಹಾಗಾಗಿ ಆ 13 ಧಾರಾಳ. ಕ್ಲೋರಿನ್ ಇಲ್ಲದ 13-15 ಲೀಟರ್ ಉಗುರುಬೆಚ್ಚಗಿನ ನೀರಿನಲ್ಲಿ ಒಂದು ಗಂಟೆ ತಿರುವಿ. ಸುಳಿ ಬಕೆಟ್ಟಿನ ತಳ ಮುಟ್ಟಿದ ಕೂಡಲೇ ದಿಕ್ಕು ಬದಲಿಸಿ. ಆ ಕ್ಷಣ ನೀರು ಕಲಕಿ ನೊರೆ ಏಳುತ್ತದಲ್ಲ, ಅದೇ ಬೇಕಾದ್ದು. ಸಂಜೆ, ಹಸಿ ಇರುವ ಮಣ್ಣಿಗೆ, ಸೊಪ್ಪಿನ ಕೊಂಬೆಯಲ್ಲಿ ದಪ್ಪ ಹನಿಯಾಗಿ ಚಿಮುಕಿಸಿ. ತಿರುವಿದ್ದನ್ನು ನಾಳೆಗೆ ಇಡಬೇಡಿ.

ಇನ್ನೊಂದು ಮಾತು. ಈ ಗೊಬ್ಬರವನ್ನು "ಇಳಿಯುವ ಚಂದ್ರ"ನ ದಿನಗಳಲ್ಲಿ ಹಾಕಬೇಕು ಅನ್ನುತ್ತಾರಲ್ಲ, ಹಾಗಂದರೆ ಕೃಷ್ಣಪಕ್ಷ ಅಂತ ಬಹಳ ಜನ ತಿಳಿದಿದ್ದಾರೆ, ಅದಲ್ಲ. ಅದು ಚಂದ್ರನ ದಕ್ಷಿಣಾಯನ: ಪಂಚಾಂಗದಲ್ಲಿ ಚಂದ್ರ ಮಿಥುನದಿಂದ ಧನುವಿನ ಕಡೆ ಸಾಗುವ ಸುಮಾರು 13 ದಿನ.

ಉಳಿದ ಗೊಬ್ಬರವನ್ನು ಮಣ್ಣಿನ ಮಡಕೆಯಲ್ಲಿ, ಸುತ್ತ ತೆಂಗಿನ ನಾರಿನ ಪುಡಿ ತುಂಬಿ, ನೆರಳಲ್ಲಿ ಇಡಿ. ಒಣಗಿ ಉಂಡೆಯಾದರೆ ಕೆಟ್ಟಂತೆ.

ಕೆಂಪುಮಣ್ಣು:
25 ಗ್ರಾಂನಲ್ಲಿ ಟೊಮ್ಯಾಟೊಗೆ ಬೇಕಾದ ಸಾರಜನಕ ಎಲ್ಲಿಂದ ಬರಬೇಕು? ಎಕರೆಗೆ 8-10 ಟನ್ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೇಕೇ ಬೇಕು. ಅಷ್ಟು ಸಿಗದಿದ್ದರೆ ಮೊದಲು ಹಸಿರೆಲೆ ಗೊಬ್ಬರಕ್ಕೆ ಅಪ್ಸೆಣಬು ಬಿತ್ತಿ, ಹೂ ಕಾಣುತ್ತಲೇ ಉಳುಮೆಯಲ್ಲಿ ಸೇರಿಸಿ, ಎರಡು ಮೂರು ವಾರ ಕೊಳೆಯಲು ಬಿಟ್ಟು ನಾಟಿ ಮಾಡಿ. ಕೊಂಬಿನ ಗೊಬ್ಬರ ಆಮೇಲಿನ ಮಾತು.

ಹೊಲದಬದು:
ನೋಡಿದೆ. 3ಕ್ಕೆ ಉಂಗುರವಿಲ್ಲ, ಬೇರೆ ಇಟ್ಟೆ. ಉಳಿದ 4 ಗುಂಡಿಯ ತಗ್ಗಿನ ಮೂಲೆಯಲ್ಲಿದ್ದವು. ಈ ಸಲ ದಿಬ್ಬದ ಮೇಲೆ, ಬಾಯಿ ಕೆಳಗೆ ಮಾಡಿ ಹೂಳುತ್ತಿದ್ದೇನೆ.