ಶಿರಸಿಯಲ್ಲಿ ಮಗಳನ್ನು ಸರ್ಕಾರಿ ಶಾಲೆಗೆ ಹಾಕಬಹುದಾ? ಹಾಕಿದವರು ಹೇಳಿ

ಜೂನ್‌ಗೆ ಹುಬ್ಬಳ್ಳಿಯಿಂದ ಶಿರಸಿಗೆ ಬರುತ್ತಿದ್ದೇವೆ. ಮಗಳು ಒಂದನೇ ಕ್ಲಾಸು. ಮನೆ ಹತ್ತಿರದ ಸರ್ಕಾರಿ ಶಾಲೆಯಲ್ಲಿ ಒಂದರಿಂದ ಐದರವರೆಗೆ ಸೇರಿ 23 ಮಕ್ಕಳಂತೆ. ಅತ್ತೆ ಬೇಡವೇ ಬೇಡ ಅಂತಾರೆ. ಅಲ್ಲಿಯ ಸರ್ಕಾರಿ ಶಾಲೆಗಳ ರಿಸಲ್ಟ್ ಹೇಗೆ?

ಶಿರಸಿಯಿಂದ: ಒಂದನೇ ಕ್ಲಾಸಿಗೆ ಯಾವ ರಿಸಲ್ಟ್ ಮಾರಾಯ್ರೆ! ಪೇಪರಿನಲ್ಲಿ ಬರೋ ಶೇಕಡಾ ಲೆಕ್ಕ ಹತ್ತನೇ ಕ್ಲಾಸಿನದು. ಅದನ್ನೂ ಸುಮ್ನೆ ನಂಬಬೇಡಿ, ಪರೀಕ್ಷೆಗೆ ಕೂತವರೇ ಹತ್ತು ಮಕ್ಕಳಾದರೆ ಒಬ್ಬ ಗಣಿತದಲ್ಲಿ ಫೇಲಾದರೂ 90ಕ್ಕೆ ಇಳಿಯುತ್ತದೆ. 2024ರಲ್ಲಿ ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಇಟ್ಟು ನೇರವಾಗಿ ನೋಡುವ ವೆಬ್‌ಕಾಸ್ಟಿಂಗ್ ಶುರುವಾದಾಗ ಇಡೀ ರಾಜ್ಯದ್ದೇ ಇಳಿಯಿತು, ಹಳೇ ವರ್ಷದ ಜೊತೆ ಹೋಲಿಸಿ ಪ್ರಯೋಜನ ಇಲ್ಲ. ಅತ್ತೆಗೆ ಬೇಕಿದ್ದರೆ ಇದನ್ನ ಹೇಳಿ: 2025ರಲ್ಲಿ 625ಕ್ಕೆ 625 ತೆಗೆದವರಲ್ಲಿ ಶಿರಸಿಯ ಸರ್ಕಾರಿ ಉರ್ದು ಹೈಸ್ಕೂಲಿನ ಹುಡುಗಿಯೂ ಇದ್ದಳು.

ನನ್ನ ಮಗ ಓದಿದ್ದೂ ಇಂಥದ್ದೇ ಸಣ್ಣ ಶಾಲೆಯಲ್ಲಿ. ಆಡುತ್ತಾ ಕಲಿಯುವ ನಲಿ-ಕಲಿ ಪದ್ಧತಿಯಲ್ಲಿ ಒಂದು, ಎರಡು, ಮೂರನೇ ಕ್ಲಾಸಿನವರನ್ನು ಒಟ್ಟಿಗೆ ಕೂರಿಸುತ್ತಾರೆ, ಮೊದಲ ದಿನ ನೋಡಿ ನನಗೆ ಗಾಬರಿಯಾಗಿತ್ತು. ಆಮೇಲೆ ನೋಡಿದರೆ ಮೂರನೇ ಕ್ಲಾಸಿನ ಹುಡುಗಿ ಹತ್ತಿರ ಮಗ್ಗಿ ಕಲಿತು ಬಂದಿದ್ದ. ತೊಂದರೆ ಶುರುವಾಗಿದ್ದು ಎರಡನೇ ವರ್ಷ, ಒಬ್ಬರು ಮೇಡಂಗೆ ವರ್ಗ ಆದಾಗ. ಉಳಿದವರು ಒಬ್ಬರೇ, ಅವರು ಮೀಟಿಂಗಿಗೆ ಹೋದ ದಿನ ಬಿಸಿಯೂಟ ಬಿಟ್ಟರೆ ಬೇರೇನೂ ಇಲ್ಲ. ಆಗ ನಾಲ್ಕು ಮನೆಯವರು ಮಕ್ಕಳನ್ನು ವ್ಯಾನ್ ಬರುವ ಶಾಲೆಗೆ ಹಾಕಿದರು. ಮಕ್ಕಳು ಕಡಿಮೆಯಾದರೆ ಇರೋ ಟೀಚರನ್ನೂ 'ಹೆಚ್ಚುವರಿ' ಅಂತ ಬೇರೆ ಕಡೆ ಹಾಕ್ತಾರೆ, ಅದನ್ನ ನೋಡಿ ಮತ್ತೆರಡು ಮನೆಯವರು ಬಿಡ್ತಾರೆ. ಹಾಗಾಗಿ 23 ಮಕ್ಕಳು ಅನ್ನೋದಕ್ಕಿಂತ ಕಾಯಂ ಟೀಚರ್ ಎಷ್ಟು, ಅತಿಥಿ ಶಿಕ್ಷಕರು ಎಷ್ಟು ಅಂತ ಕೇಳಿ. ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) ಪ್ರಕಾರ 60 ಮಕ್ಕಳವರೆಗೆ ಇಬ್ಬರು ಇರಬೇಕು.

ಕಾರವಾರದಿಂದ: ನಮ್ಮ ಮನೆ ಮಾತು ಕೊಂಕಣಿ. ಕನ್ನಡ ಶಾಲೆಗೆ ಹಾಕಿದ ಮೊದಲ ಮೂರು ತಿಂಗಳು ಮಗಳು ಬಾಯೇ ಬಿಡಲಿಲ್ಲ. ದೀಪಾವಳಿ ಹೊತ್ತಿಗೆ ನನ್ನ ಕನ್ನಡ ತಿದ್ದುತ್ತಿದ್ದಳು. ಇಂಗ್ಲಿಷ್ ಮಾತ್ರ ಮನೆಯಲ್ಲೇ ಕೂತು ಹೇಳಿಕೊಡಬೇಕಾಯ್ತು, ಅದು ಸುಳ್ಳಲ್ಲ.

ಕುಮಟಾದಿಂದ: ಜೂನ್ 1ಕ್ಕೆ 6 ವರ್ಷ ತುಂಬುತ್ತದಾ ನೋಡಿಕೊಳ್ಳಿ. ಆಮೇಲೆ ಎಸ್‌ಡಿಎಂಸಿಗೆ (ಪೋಷಕರಿರುವ ಶಾಲಾ ಸಮಿತಿ) ನೀವೇ ಸೇರಿಬಿಡಿ. ನಮ್ಮಲ್ಲಿ ಮಳೆಗಾಲದಲ್ಲಿ ಸೋರುತ್ತಿದ್ದ ಹಂಚು ಸರಿಯಾಗಿದ್ದು ಇಬ್ಬರು ಅಮ್ಮಂದಿರು ಪ್ರತಿ ಮೀಟಿಂಗಲ್ಲೂ ಅದನ್ನೇ ಎತ್ತಿದ್ದಕ್ಕೆ.

ಕೇಳಿದವಳು: ಟೀಚರ್ ಎಷ್ಟು ಜನ ಅಂತ ನಾನು ಕೇಳೇ ಇಲ್ಲ ನೋಡಿ! ನಾಳೆ ಫೋನ್ ಮಾಡ್ತೇನೆ. ಅತ್ತೆಗೆ 625ರ ಕಥೆ ಮಾತ್ರ ಹೇಳ್ತೇನೆ, ಮೀಟಿಂಗಿನ ಕಥೆ ಸದ್ಯಕ್ಕೆ ಬೇಡ.