ಪೆಟ್ರೋಲ್ ಟ್ಯಾಂಕಿನ ‘ಬ್ರೀದರ್’, ‘ಓವರ್‌ಫ್ಲೋ’: ಸೋರಿಕೆ ಅಲ್ಲದ ಪದ ಬೇಕಾಗಿದೆ

ಪ್ರಶ್ನೆ

ಮಾನ್ಯರೇ,

ಮೋಟಾರ್ ಸೈಕಲ್ ಬಳಕೆಯ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ಪಕ್ಕದಲ್ಲಿ ಅಂಟಿಸಬೇಕಾದ ಎಚ್ಚರಿಕೆಯ ಚೀಟಿ ನಾಳೆ ಬೆಳಗ್ಗೆ ಅಚ್ಚಿಗೆ ಹೋಗಬೇಕಿದ್ದು, ಅದರಲ್ಲಿನ ಮೂರು ಮಾತುಗಳಿಗೆ ತಕ್ಕ ಕನ್ನಡ ಇನ್ನೂ ಸಿಕ್ಕಿಲ್ಲ. ಚೀಟಿಯಲ್ಲಿ ಎರಡು ಸಾಲಿಗಿಂತ ಹೆಚ್ಚು ಜಾಗವಿಲ್ಲ.

ಹೇಳಬೇಕಾದ ವಿಷಯ ಇದು. ನೆಲದಡಿಯ ಸಂಗ್ರಹದಿಂದ ತಂಪಾಗಿ ಬರುವ ಪೆಟ್ರೋಲನ್ನು ಟ್ಯಾಂಕಿನ ಬಾಯಿಯ ಅಂಚಿನವರೆಗೆ ತುಂಬಿಸಿ, ವಾಹನವನ್ನು ಸುಡುಬಿಸಿಲಿನಲ್ಲಿ ನಿಲ್ಲಿಸಿದರೆ ಪೆಟ್ರೋಲ್ ಹಿಗ್ಗುತ್ತದೆ. ಒಂದು ಡಿಗ್ರಿ ಸೆಲ್ಸಿಯಸ್ ಏರಿದಾಗ ಅದರ ಗಾತ್ರ ಸುಮಾರು ಸಾವಿರದಲ್ಲಿ ಒಂದು ಪಾಲಿನಷ್ಟು ಹೆಚ್ಚುವುದರಿಂದ, 12 ಲೀಟರ್ ಪೆಟ್ರೋಲ್ 20 ಡಿಗ್ರಿಯಷ್ಟು ಬಿಸಿಯಾಗುವ ಹೊತ್ತಿಗೆ ಹತ್ತಿರ ಹತ್ತಿರ ಕಾಲು ಲೀಟರ್ ಹೆಚ್ಚಾಗಿರುತ್ತದೆ; ಲೋಹದ ಟ್ಯಾಂಕ್ ಅಷ್ಟು ಹಿಗ್ಗುವುದಿಲ್ಲ. ಒಳಗೆ ಜಾಗ ಸಾಲದ ಪೆಟ್ರೋಲ್ ಮುಚ್ಚಳದಲ್ಲಿರುವ ಸಣ್ಣ ದಾರಿಯಿಂದ ಹೊರಬಂದು, ಮುಚ್ಚಳದ ಸುತ್ತಲಿನ ತಗ್ಗಿನಿಂದ ವಾಹನದ ಅಡಿಗೆ ಇಳಿಯುವ ರಬ್ಬರ್ ಕೊಳವೆಯ ತುದಿಯಲ್ಲಿ ಹನಿಹನಿಯಾಗಿ ಬೀಳುತ್ತದೆ. ಇದು ಟ್ಯಾಂಕ್ ಕೆಟ್ಟಿರುವ ಲಕ್ಷಣವಲ್ಲ, ಅತಿಯಾಗಿ ತುಂಬಿಸಿದ್ದರ ಫಲ.

ಮುಚ್ಚಳದ ದಾರಿಗೆ ಗ್ಯಾರೇಜಿನವರು ‘ಬ್ರೀದರ್’ ಅಥವಾ ‘ಏರ್ ಹೋಲ್’ ಎನ್ನುತ್ತಾರೆ. ಕೆಳಗಿನ ಕೊಳವೆಗೆ ‘ಓವರ್‌ಫ್ಲೋ ಪೈಪ್’ ಎನ್ನುತ್ತಾರೆ. ಈ ಎರಡು ಹೆಸರುಗಳೂ ಹನಿ ಬೀಳುವುದನ್ನು ಹೇಳುವ ಒಂದು ಕ್ರಿಯಾಪದವೂ ನನಗೆ ಬೇಕು. ಹಿಂದಿನ ಮುದ್ರಣದಲ್ಲಿ ‘ಇಂಧನ ಸೋರಿಕೆ ಸಾಧ್ಯತೆ’ ಎಂದಿತ್ತು. ಅದನ್ನು ಓದಿದವರು ಟ್ಯಾಂಕಿನಲ್ಲಿ ತೂತು ಬಿದ್ದಿದೆ ಎಂದು ತಿಳಿದು ವಾಹನವನ್ನು ದುರಸ್ತಿಗೆ ತರುತ್ತಿದ್ದಾರೆ. ದಯವಿಟ್ಟು ಬೇಗ ತಿಳಿಸಿ.

ಮೊದಲನೆಯ ಉತ್ತರ

‘ಇಂಧನ ಸೋರಿಕೆ ಸಾಧ್ಯತೆ’ ಎಂಬುದು ಮೂರು ಪದಗಳನ್ನು ಪಕ್ಕಪಕ್ಕದಲ್ಲಿ ಇಟ್ಟಂತಿದೆಯೇ ಹೊರತು ಕನ್ನಡದ ವಾಕ್ಯವಾಗಿಲ್ಲ. ಅದನ್ನು ಕೈಬಿಟ್ಟದ್ದು ಸರಿ.

ಆದರೆ ಟ್ಯಾಂಕ್, ಪೈಪ್, ಪೆಟ್ರೋಲ್ ಮೂರನ್ನೂ ಹಾಗೆಯೇ ಇರಿಸಿಕೊಂಡು, ಒಂದು ಸಣ್ಣ ತೂತಿಗೆ ಮಾತ್ರ ಕನ್ನಡದ ಹೆಸರು ಹುಡುಕುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ. ಪೆಟ್ರೋಲಿಯಂ ಎಂಬ ಲ್ಯಾಟಿನ್ ಮಾತಿನ ಅರ್ಥವೇ ಕಲ್ಲಿನ ಎಣ್ಣೆ. ನಮ್ಮಲ್ಲಿ ‘ಕಲ್ಲೆಣ್ಣೆ’ ಇದೆ. ಟ್ಯಾಂಕಿಗೆ ‘ತೊಟ್ಟಿ’ ಇದೆ. ಮುಚ್ಚಳದ ದಾರಿಗೆ ‘ಗಾಳಿಗಿಂಡಿ’ ಎನ್ನಿ. ‘ಅನಿಲಕಿಂಡಿ’ ಎಂದು ಯಾರಾದರೂ ಸೂಚಿಸುವ ಮೊದಲೇ ಹೇಳಿಬಿಡುತ್ತೇನೆ: ಅದು ಸಂಸ್ಕೃತ ಪದಕ್ಕೆ ಕನ್ನಡ ಪದವನ್ನು ಬೆಸೆದ ಅರಿಸಮಾಸ, ಒಪ್ಪತಕ್ಕದ್ದಲ್ಲ.

ಕ್ರಿಯಾಪದಕ್ಕೆ ‘ಉಕ್ಕು’ ಒಂದೇ ಸಾಕು. ಲೋಹದ ಹೆಸರಾದ ‘ಉಕ್ಕು’ ಕೂಡ ಕಾದು ಕರಗಿ ಉಕ್ಕುವುದರಿಂದಲೇ ಬಂದದ್ದು ಎಂಬುದು ನನ್ನ ಬಹುಕಾಲದ ನಿಲುವು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಅದೇ ಪದ ‘ವೂಟ್ಜ್’ ಎಂದು ರೂಪ ಕೆಟ್ಟು ಯುರೋಪಿನ ವಿಜ್ಞಾನ ಬರಹಗಳಿಗೆ ಹೋಯಿತು. ಹೊರಗಿನವರಿಗೆ ಪದ ಕೊಟ್ಟ ನುಡಿ ತನ್ನ ಟ್ಯಾಂಕಿಗೆ ಪದ ಬೇಡುವುದು ಬೇಡ.

ಎರಡನೆಯ ಉತ್ತರ

ಕೇಳಿದವರಿಗೆ ನಾಳೆ ಬೆಳಗ್ಗೆ ಪದ ಬೇಕಾಗಿದೆ. ಆದ್ದರಿಂದ ವೂಟ್ಜಿನ ಚರಿತ್ರೆಯನ್ನು ಬಿಟ್ಟು ಟ್ಯಾಂಕಿಗೆ ಬರುತ್ತೇನೆ.

‘ಗಾಳಿಗಿಂಡಿ’ ಆಗದು. ಆದೇಶ ಸಂಧಿಯಿಂದ ಗಕಾರ ಬಂದೊಡನೆ ಅಲ್ಲಿ ಕಿಂಡಿ ಮರೆಯಾಗಿ ಗಿಂಡಿ ಕಾಣುತ್ತದೆ, ಮತ್ತು ಗಿಂಡಿಯೆಂದರೆ ನೀರು ಹನಿಸುವ ಕೊಳವೆಬಾಯಿಯ ಪಾತ್ರೆ. ಪೆಟ್ರೋಲ್ ಹೊರಬರುವ ಜಾಗದ ಹೆಸರಿನಲ್ಲಿ ಅಂಥ ಪಾತ್ರೆಯ ನೆನಪು ಬರುವುದು ಅಪಾಯಕಾರಿ ಗೊಂದಲ. ‘ಬೆಳಕಿಂಡಿ’ಯಲ್ಲಿ ಗಕಾರ ಬಂದಿಲ್ಲವಾದ್ದರಿಂದ ‘ಗಾಳಿಕಿಂಡಿ’ ಎನ್ನಬಹುದು ಎಂದು ವಾದಿಸಬಹುದಾದರೂ ಅರ್ಥದ ತೊಡಕು ಉಳಿಯುತ್ತದೆ. ಆ ದಾರಿಯ ಕೆಲಸ ಎರಡು. ವಾಹನ ಓಡುವಾಗ ಪೆಟ್ರೋಲ್ ಇಳಿದಷ್ಟೂ ಆ ಜಾಗಕ್ಕೆ ಹೊರಗಿನ ಗಾಳಿ ಬರಬೇಕು. ಬಾರದಿದ್ದರೆ ಟ್ಯಾಂಕಿನೊಳಗಿನ ಒತ್ತಡ ಕುಸಿದು, ಪೆಟ್ರೋಲಿನ ಹರಿವು ಕುಗ್ಗಿ, ಟ್ಯಾಂಕಿನಲ್ಲಿ ಪೆಟ್ರೋಲ್ ಇದ್ದರೂ ಎಂಜಿನ್ ನಿಂತುಹೋಗುತ್ತದೆ. ಬಿಸಿಲಿನಲ್ಲಿ ನಿಂತಾಗ ಒಳಗಿನ ಆವಿ ಹೊರಗೆ ಹೋಗಬೇಕು. ಒಳಕ್ಕೂ ಹೊರಕ್ಕೂ ನಡೆಯುವ ಈ ಆಟಕ್ಕೆ ಕನ್ನಡದಲ್ಲಿ ಇರುವ ಮಾತು ಉಸಿರು. ಗ್ಯಾರೇಜಿನವರು ಬಳಸುವ ‘ಬ್ರೀದರ್’ ಹೇಳುವುದೂ ಅದನ್ನೇ. ಆದ್ದರಿಂದ ‘ಉಸಿರುಗಂಡಿ’ ಎಂಬುದು ನನ್ನ ಸೂಚನೆ. ಕಿಂಡಿಯಂತೆ ಸಣ್ಣ ದಾರಿಯನ್ನೇ ಹೇಳುವ ‘ಕಂಡಿ’ಗೆ ಗಕಾರ ಬಂದರೆ ಯಾವ ಪಾತ್ರೆಯೂ ಅಡ್ಡ ಬರುವುದಿಲ್ಲ.

‘ಅನಿಲ’ವನ್ನು ನಾನೂ ಬೇಡವೆನ್ನುತ್ತೇನೆ, ಆದರೆ ಅರಿಸಮಾಸದ ಕಾರಣಕ್ಕಲ್ಲ. ಮಳೆಗಾಲ, ಚಳಿಗಾಲಗಳನ್ನು ದಿನವೂ ಆಡುವ ನಾವು ಆ ನಿಯಮವನ್ನು ಟ್ಯಾಂಕಿನ ಮುಚ್ಚಳದ ಮೇಲೆ ಮಾತ್ರ ಹೇರುವುದು ತರವಲ್ಲ. ಪೆಟ್ರೋಲಿನಿಂದ ಏಳುವುದು ಆವಿ. ಅದು ಗಾಳಿಗಿಂತ ಭಾರವಾಗಿದ್ದು ನೆಲದ ಮಟ್ಟದಲ್ಲಿ ಹರಡುತ್ತದೆ. ಪೆಟ್ರೋಲ್ ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗಿದ್ದರೂ ಕಿಡಿ ತಾಗಿದರೆ ಹೊತ್ತಿಕೊಳ್ಳುವಷ್ಟು ಆವಿ ಅದರಿಂದ ಏಳುತ್ತದೆ. ಓದುವವರಿಗೆ ‘ಅನಿಲ’ ಎಂದರೆ ಅಡುಗೆಯ ಸಿಲಿಂಡರು ನೆನಪಾಗುತ್ತದೆ, ‘ಆವಿ’ ಎಂದರೆ ಎದುರಿಗಿರುವ ದ್ರವದಿಂದ ಏಳುವುದು ನೆನಪಾಗುತ್ತದೆ.

ಕೊಳವೆಯ ಹೆಸರಿಗೆ ಬರೋಣ. ಕೆರೆಯ ಮಾತುಗಳನ್ನು ಬಲ್ಲವರು ತೂಬಿಗೂ ಕೋಡಿಗೂ ಇರುವ ಭೇದವನ್ನು ಮರೆಯಲಾರರು. ತೂಬನ್ನು ಬೇಕೆಂದು ಎತ್ತಿ ನೀರು ಬಿಡುತ್ತಾರೆ. ಕೋಡಿ ಯಾರ ಅಪ್ಪಣೆಗೂ ಕಾಯದೆ, ಮಟ್ಟ ಮೀರಿದಾಗ ತಾನಾಗಿ ಹರಿಯುತ್ತದೆ, ಮತ್ತು ಅದು ಹರಿಯುವುದರಿಂದಲೇ ಕೆರೆಯ ಏರಿ ಒಡೆಯದೆ ಉಳಿಯುತ್ತದೆ. ಟ್ಯಾಂಕಿನ ಅಡಿಯ ರಬ್ಬರ್ ಕೊಳವೆ ಮಾಡುವುದು ಸಾಕ್ಷಾತ್ ಕೋಡಿಯ ಕೆಲಸ. ಅದಿಲ್ಲದಿದ್ದರೆ ಹೆಚ್ಚಾದ ಪೆಟ್ರೋಲ್ ಬಿಸಿ ಎಂಜಿನ್ನಿನ ಮೇಲೆ ಹರಿಯುತ್ತಿತ್ತು. ಮುಚ್ಚಳದ ಸುತ್ತ ನಿಂತ ಮಳೆಯ ನೀರೂ ಅದೇ ಕೊಳವೆಯಿಂದ ಇಳಿದುಹೋಗುತ್ತದೆ. ‘ಕೋಡಿ ಕೊಳವೆ’ ಎಂದರೆ ಹನಿ ಬಿದ್ದದ್ದು ಕೆಟ್ಟದ್ದರಿಂದಲ್ಲ, ತುಂಬಿದ್ದರಿಂದ ಎಂಬುದು ಹೆಸರಿನಲ್ಲೇ ತಿಳಿಯುತ್ತದೆ. ಮೊದಲನೆಯವರಿಗೂ ಇದರಲ್ಲಿ ಆಕ್ಷೇಪ ಇರಲಾರದು.

ಕ್ರಿಯಾಪದದ ವಿಷಯದಲ್ಲಿ ಒಂದೇ ಸಾಕೆನ್ನುವುದನ್ನು ನಾನು ಒಪ್ಪುವುದಿಲ್ಲ. ಸೋರುವುದು ತೂತಿನಿಂದ ಅಥವಾ ಬಿಗಿ ತಪ್ಪಿದ ಜಾಗದಿಂದ. ಕಾರ್ಬ್ಯುರೇಟರಿನ ಒಳಗಿನ ಸೂಜಿ ಸರಿಯಾಗಿ ಕೂರದೆ ಪೆಟ್ರೋಲ್ ಹೊರಬಂದರೆ ಅದು ಸೋರಿಕೆ, ಅದಕ್ಕೆ ದುರಸ್ತಿ ಬೇಕು. ಜಿನುಗುವುದು ಬೆಸುಗೆಯ ಸಂದಿನಿಂದ, ತೇವ ಕಾಣುವಷ್ಟು ಮಾತ್ರ. ತುಳುಕುವುದು ಅಲುಗಾಟದಿಂದ. ಉಕ್ಕುವುದು ಒಳಗಿನಿಂದ ಏರಿ ಬರುವುದು. ಅದು ಕುದಿತವೇ ಆಗಬೇಕಿಲ್ಲ, ಕಡಲೂ ಉಕ್ಕುತ್ತದೆ. ಹೀಗಾಗಿ ಟ್ಯಾಂಕಿನಲ್ಲಿ ನಡೆಯುವುದಕ್ಕೆ ‘ಉಕ್ಕು’ ತಕ್ಕದ್ದು, ಕೊಳವೆಯ ತುದಿಯಲ್ಲಿ ನಡೆಯುವುದಕ್ಕೆ ‘ತೊಟ್ಟಿಕ್ಕು’ ತಕ್ಕದ್ದು. ಎರಡನ್ನೂ ಹೇಳಿದರೆ ಕಾರಣವೂ ಕಾಣುವ ಲಕ್ಷಣವೂ ಒಂದೇ ವಾಕ್ಯದಲ್ಲಿ ಬರುತ್ತವೆ. ‘ಹೊರಬಿಡುತ್ತದೆ’ ಎಂದು ಮಾತ್ರ ಬರೆಯಬೇಡಿ. ಈಗಿನ ಹಲವು ವಾಹನಗಳಲ್ಲಿ ಆವಿ ನೇರವಾಗಿ ಹೊರಗೆ ಹೋಗದೆ ಇದ್ದಿಲು ತುಂಬಿದ ಡಬ್ಬಿಯೊಂದಕ್ಕೆ ಹೋಗಿ, ಅಲ್ಲಿಂದ ಎಂಜಿನ್ನಿಗೆ ಮರಳುತ್ತದೆ. ಅಂಥ ವಾಹನದಲ್ಲಿ ಅತಿಯಾಗಿ ತುಂಬಿಸಿದರೆ ದ್ರವವೇ ಡಬ್ಬಿಗೆ ನುಗ್ಗಿ ಇದ್ದಿಲನ್ನು ಕೆಡಿಸುತ್ತದೆ.

ಕೊನೆಯದಾಗಿ ‘ಟ್ಯಾಂಕ್’. ಅದು ಹೊರಗಿನದೆಂದು ತಳ್ಳುವ ಮೊದಲು ಅದರ ಮೂಲವನ್ನು ನೋಡುವುದು ಒಳ್ಳೆಯದು. ಗುಜರಾತಿ, ಮರಾಠಿಗಳ ‘ಟಾಂಕಿ’, ‘ಟಾಂಕೆ’ಗಳನ್ನೂ ಪೋರ್ಚುಗೀಸರ ಒಂದು ಪದವನ್ನೂ ಅದರ ಹಿಂದೆ ಇಂಗ್ಲಿಷ್ ನಿಘಂಟುಗಳೇ ಗುರುತಿಸುತ್ತವೆ, ಮತ್ತು ಇಂಗ್ಲಿಷರು ನಮ್ಮ ಕೆರೆಗಳನ್ನೇ ‘ಟ್ಯಾಂಕ್’ ಎಂದು ಕರೆದರು. ಮೇಲಾಗಿ ‘ತೊಟ್ಟಿ’ ಎಂದರೆ ಮೇಲೆ ತೆರೆದಿರುವುದು. ಪೆಟ್ರೋಲನ್ನು ತೆರೆದಿಡುವ ಚಿತ್ರ ಎಚ್ಚರಿಕೆಯ ಚೀಟಿಯಲ್ಲಿ ಬೇಡ.

ಮೊದಲನೆಯವರಿಂದ

‘ಕೋಡಿ ಕೊಳವೆ’ ಒಪ್ಪಿದೆ. ‘ಉಸಿರುಗಂಡಿ’ಯೂ ಒಪ್ಪಿದೆ. ಟ್ಯಾಂಕಿನ ವಾದ ಒಪ್ಪುವಂಥದ್ದಲ್ಲ. ನೆರೆಮನೆಯಿಂದ ಹೊರಟು ಕಡಲು ದಾಟಿ ಬಂದ ಪದ ನಮ್ಮ ಪದವಾಗುವುದಿಲ್ಲ. ಮುಚ್ಚಿದ ತೊಟ್ಟಿ ಇರಬಾರದೆಂಬ ನಿಯಮವನ್ನು ನಾನು ಯಾವ ನಿಘಂಟಿನಲ್ಲಿಯೂ ಕಂಡಿಲ್ಲ.

ಮೂರನೆಯ ಉತ್ತರ

ಇಬ್ಬರ ವಿದ್ವತ್ತಿಗೂ ಗೌರವ ಸಲ್ಲಿಸಿಯೇ ಹೇಳುತ್ತೇನೆ: ಚೀಟಿಯನ್ನು ಓದುವವನು ಪೆಟ್ರೋಲ್ ಹಾಕಿಸುತ್ತಾ ನಿಂತಿರುತ್ತಾನೆ. ಅವನ ಕೈಯಲ್ಲಿ ಆಗಬೇಕಾದ ಕೆಲಸ ಒಂದೇ, ಸಮಯಕ್ಕೆ ಸರಿಯಾಗಿ ಸಾಕು ಎನ್ನುವುದು. ಆ ಕ್ಷಣದಲ್ಲಿ ಅವನಿಗೆ ಉಸಿರುಗಂಡಿಯ ಹೆಸರೂ ಬೇಡ, ಕೋಡಿಯ ಹೆಸರೂ ಬೇಡ. ಆ ಹೆಸರುಗಳು ಕೈಪಿಡಿಯ ಒಳಗೆ ಚಿತ್ರದ ಪಕ್ಕದಲ್ಲಿ ಬರಲಿ, ಮತ್ತು ಅಲ್ಲಿ ‘ಓವರ್‌ಫ್ಲೋ ಪೈಪ್’ ಎಂಬುದನ್ನೂ ಜೊತೆಗೆ ಬರೆಯಿರಿ. ಕೊಳವೆಯಲ್ಲಿ ಕೆಸರು ಕಟ್ಟಿಕೊಂಡಾಗ ಗ್ಯಾರೇಜಿನಲ್ಲಿ ಅವನು ಕೇಳಬೇಕಾದ ಹೆಸರು ಅದು.

ಎಷ್ಟು ತುಂಬಿಸಬೇಕೆಂಬ ಮುಖ್ಯ ಮಾತನ್ನು ಇಲ್ಲಿ ಯಾರೂ ಎತ್ತಿಲ್ಲ. ಟ್ಯಾಂಕಿನ ಬಾಯಿಯಿಂದ ಒಳಕ್ಕೆ ಇಳಿದಿರುವ ಕತ್ತಿನ ಕೆಳ ಅಂಚು ಮಿತಿ. ಅದಕ್ಕಿಂತ ಮೇಲಿನ ಜಾಗವನ್ನು ಹಿಗ್ಗುವಿಕೆಗೆಂದೇ ಬಿಟ್ಟಿರುತ್ತಾರೆ. ಇದಕ್ಕೆ ಹೊಸ ಪದ ಕಟ್ಟಬೇಕಿಲ್ಲ, ‘ಕಂಠಪೂರ್ತಿ’ ನಮ್ಮ ನಾಲಿಗೆಯ ಮೇಲೆಯೇ ಇದೆ. ‘ಕಂಠಪೂರ್ತಿ ತುಂಬಿಸಬೇಡಿ’ ಎಂದರೆ ಓದಿದವನಿಗೆ ಅತಿಯಾಯಿತು ಎಂಬ ಅರ್ಥವೂ ಆಗುತ್ತದೆ, ಕತ್ತಿನ ಮಟ್ಟ ಎಂಬ ಅರ್ಥವೂ ಆಗುತ್ತದೆ. ಪದ ಸಂಸ್ಕೃತದ್ದೆಂದು ಆಕ್ಷೇಪಿಸುವವರು ಎರಡೇ ಪದಗಳಲ್ಲಿ ಇಷ್ಟನ್ನು ಹೇಳುವ ಬೇರೆ ಮಾತನ್ನು ಮೊದಲು ಕೊಡಲಿ.

ಕೇಳಿದವರಿಂದ

ಎಲ್ಲರಿಗೂ ವಂದನೆಗಳು. ಚೀಟಿಯನ್ನು ಹೀಗೆ ಕಳುಹಿಸುತ್ತಿದ್ದೇನೆ:

‘ಟ್ಯಾಂಕನ್ನು ಕಂಠಪೂರ್ತಿ ತುಂಬಿಸಬೇಡಿ. ಬಿಸಿಲಿಗೆ ಪೆಟ್ರೋಲ್ ಉಕ್ಕಿ ತೊಟ್ಟಿಕ್ಕಬಹುದು. ಅದರ ಆವಿಗೆ ಕಿಡಿ ತಾಗಿದರೆ ಬೆಂಕಿ ಹತ್ತುತ್ತದೆ.’

‘ಉಸಿರುಗಂಡಿ’, ‘ಕೋಡಿ ಕೊಳವೆ’ ಎರಡೂ ಕೈಪಿಡಿಯ ಒಳಪುಟಕ್ಕೆ, ಗ್ಯಾರೇಜಿನ ಹೆಸರುಗಳ ಜೊತೆಯಲ್ಲಿ ಹೋಗುತ್ತವೆ. ಟ್ಯಾಂಕ್ ಟ್ಯಾಂಕಾಗಿಯೇ ಉಳಿಯುತ್ತದೆ. ಇನ್ನೊಂದು ವಿಷಯದಲ್ಲಿ ನೆರವು ಬೇಕು: ಈಗಾಗಲೇ ಅತಿಯಾಗಿ ತುಂಬಿಸಿದವರು ವಾಹನವನ್ನು ನೆರಳಿಗೆ ಒಯ್ದು, ಬೆಂಕಿಯಿಂದ ದೂರವಿಟ್ಟು, ಅದರ ಎಂಜಿನ್ ಆರಲು ಬಿಡಬೇಕು ಎಂಬ ಸೂಚನೆ ಒಳಪುಟದಲ್ಲಿದೆ. ಅಲ್ಲಿ ‘ಆರು’ ಎಂದರೆ ತಣಿಯುವುದೆಂದು ಎಲ್ಲ ಸೀಮೆಯವರಿಗೂ ಅರ್ಥವಾಗುತ್ತದೆಯೇ, ಅಥವಾ ಎಂಜಿನ್ ನಿಲ್ಲಿಸುವುದೆಂದು ತಿಳಿಯುವ ಸಂಭವವಿದೆಯೇ? ಒಳಪುಟಗಳಿಗೆ ಇನ್ನೂ ಒಂದು ವಾರ ಸಮಯವಿದೆ.