ಸಹಾಯ ಬೇಕು: ಪ್ಯಾನ್ (ಪಾಲಿಆಕ್ರಿಲೋನೈಟ್ರೈಲ್ ಪಾಲಿಮರ್) ನ್ಯಾನೋಫೈಬರ್ ಹಾಳೆ ಅಂಚಲ್ಲಿ ಸರಿ, ನಡುವಲ್ಲಿ ಪುಡಿಪುಡಿ

ಎಲೆಕ್ಟ್ರೋಸ್ಪಿನ್ನಿಂಗ್ (ಹೈ ವೋಲ್ಟೇಜ್‌ನಿಂದ ಪಾಲಿಮರ್ ದ್ರಾವಣವನ್ನು ಸಣ್ಣ ಎಳೆಗಳಾಗಿ ಎಳೆಯೋದು) ಮಾಡುವವರು ಸ್ವಲ್ಪ ನೋಡಿ. ಲಿಥಿಯಂ ಕಾಯಿನ್ ಸೆಲ್‌ಗೆ ಬೈಂಡರ್ (ಅಂಟು) ಇಲ್ಲದ, ತಾಮ್ರದ ಹಾಳೆಯ ಆಸರೆಯೂ ಬೇಡದ ಕಾರ್ಬನ್ ಆನೋಡ್ (ಋಣ ವಿದ್ಯುದ್ವಾರ) ಬೇಕಾಗಿದೆ.

ಡಿಎಂಎಫ್ ದ್ರಾವಕದಲ್ಲಿ ತೂಕದ ಲೆಕ್ಕಕ್ಕೆ 10% ಪ್ಯಾನ್, ಅಣುತೂಕ 1,50,000. 15 ಕಿಲೋವೋಲ್ಟ್, ಸೂಜಿಯಿಂದ ಡ್ರಮ್‌ಗೆ 15 ಸೆಂ.ಮೀ., ಗಂಟೆಗೆ 1 ಮಿ.ಲೀ. ಇಲ್ಲಿವರೆಗೆ ತಕರಾರಿಲ್ಲ, ಎಸ್‌ಇಎಂನಲ್ಲಿ (ಎಲೆಕ್ಟ್ರಾನ್ ಸೂಕ್ಷ್ಮದರ್ಶಕ) ನೋಡಿದರೆ ಎಳೆಗಳಲ್ಲಿ ಮಣಿಯಂಥ ಗಂಟು ಒಂದೂ ಕಾಣಲ್ಲ.

ಗೋಳು ಶುರುವಾಗೋದು ಕುಲುಮೆಯಲ್ಲಿ. ಗಾಳಿಯಲ್ಲಿ ನಿಮಿಷಕ್ಕೆ 1 ಡಿಗ್ರಿಯಂತೆ ಏರಿಸಿ 260°ಸೆ.ನಲ್ಲಿ 2 ಗಂಟೆ (ಎಳೆಗಳು ಮುಂದೆ ಕರಗದಂತೆ ಸ್ಥಿರಗೊಳಿಸುವ ಹಂತ). ಆಮೇಲೆ ನೈಟ್ರೋಜನ್‌ನಲ್ಲಿ 900°ಸೆ., 1 ಗಂಟೆ. ಹಾಳೆಯನ್ನು ಹಾಗೇ ಬಿಟ್ಟರೆ ಒಣಗಿದ ಎಲೆ ಥರ ಮುದುರುತ್ತೆ. ಎರಡು ಗ್ರಾಫೈಟ್ ಪ್ಲೇಟ್ ನಡುವೆ ಇಟ್ಟರೆ ಚಪ್ಪಟೆಯಾಗೇ ಇರುತ್ತೆ, ಆದರೆ ಗಾಳಿ ಹಂತ ಮುಗಿದಾಗ ಅಂಚು ಕಡುಕಂದು, ನಡುಭಾಗ ಇನ್ನೂ ಹಳದಿ. ಕಾರ್ಬನ್ ಆದಮೇಲೆ ಆ ಹಳದಿ ಜಾಗದಲ್ಲೇ ಎಳೆಗಳು ಕರಗಿ ಅಂಟಿಕೊಂಡಿರುತ್ತವೆ, 14 ಮಿ.ಮೀ. ಪಂಚ್ ಒತ್ತಿದ ಕೂಡಲೇ ಚೂರು.

ಉಳಿದ ಡಿಎಂಎಫ್ ಕಾರಣವಿರಬಹುದೆಂದು 60°ಸೆ. ವ್ಯಾಕ್ಯೂಮ್‌ನಲ್ಲಿ 12 ಗಂಟೆ ಒಣಗಿಸಿದ್ದಾಯ್ತು, ಬದಲಾವಣೆ ಇಲ್ಲ. ಏರಿಕೆ ಅರ್ಧ ಡಿಗ್ರಿಗೆ ಇಳಿಸಿದರೂ ಅದೇ ಕಥೆ. ಹಾಳೆ ತೆಳುವಾಗಿದ್ದರೆ ಈ ತೊಂದರೆ ಇಲ್ಲ, ಆದರೆ ಆನೋಡ್‌ಗೆ ಆ ತೂಕ ಸಾಲಲ್ಲ.

ತಲೆಕೆಡಿಸಿರೋದು ಇದು: ಎಫ್‌ಟಿಐಆರ್‌ನಲ್ಲಿ (ಅತಿಗೆಂಪು ರೋಹಿತ ಪರೀಕ್ಷೆ) ನಡುಭಾಗದ 2240 cm⁻¹ನ ನೈಟ್ರೈಲ್ ಪೀಕ್ ಹೆಚ್ಚುಕಡಿಮೆ ಹಾಗೇ ಉಳಿದಿದೆ, ಅಂದರೆ ಅಲ್ಲಿ ನೈಟ್ರೈಲ್ ಗುಂಪುಗಳು ಉಂಗುರಗಳಾಗಿ ಕೂಡಿಕೊಂಡೇ ಇಲ್ಲ. ಪ್ಲೇಟ್ ಆಮ್ಲಜನಕ ತಡೆಯುತ್ತಿದೆ ಅನ್ನೋಣ ಅಂದ್ರೆ, ಉಂಗುರ ಕೂಡಿಕೊಳ್ಳೋಕೆ ಆಮ್ಲಜನಕ ಕಡ್ಡಾಯವೇನಲ್ಲ. ಹಾಗಾದ್ರೆ ದಪ್ಪ ಪ್ಲೇಟ್‌ನಿಂದ ಶಾಖವೇ ತಡವಾಗಿ ತಲುಪುತ್ತಿದೆಯೇ?

ಪ್ಲೇಟ್ ಉಳಿಸಿಕೊಂಡು 280°ಸೆ.ಗೆ ಹೋಗಲೇ, ಅಥವಾ ಅಂಚು ಮಾತ್ರ ಹಿಡಿಯುವ ಚೌಕಟ್ಟಿಗೆ ಬದಲಾಯಿಸಿ 260ರಲ್ಲೇ ಸಮಯ ಹೆಚ್ಚಿಸಲೇ? ಚೌಕಟ್ಟು ಬಳಸಿದವರಿದ್ದರೆ, ಕುಗ್ಗುವಾಗ ಹಾಳೆ ಹರಿಯದಂತೆ ಎಷ್ಟು ಸಡಿಲ ಬಿಡ್ತೀರಿ?